ಅನುರಾಧಾ ಟೀಚರ್ ಗೆಲ್ಲಿಸಿದ ಪಕ್ಷೇತರರು

ಧಾರಾವಿಯ ಕನ್ನಡ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುವ ಅನುರಾಧಾ ಟೀಚರಿಗೆ ಇಷ್ಟದ ಪಾಠ ಎಂದರೆ ವಿಧಾನ ಪರಿಷತ್ತು. ಮೇಲ್ಮನೆಯಲ್ಲಿ ಯಾವ ಪಕ್ಷಕ್ಕೂ ಸೇರದವರೂ ಕೂರಬಹುದು, ಅವರನ್ನು ಶಿಕ್ಷಕರೇ ಆರಿಸಿ ಕಳಿಸಬಹುದು ಎಂದು ಹೇಳುವಾಗ ಅವರ ದನಿ ತಾನಾಗಿ ಏರುತ್ತಿತ್ತು. ಕಲಬುರಗಿ ಕಡೆಯಿಂದ ಬಂದು ಮುಂಬಯಿಯ ರಸ್ತೆಗಳಿಗೆ ಡಾಂಬರು ಹಾಕಿದ ಭೀಮರಾಯನ ಮಗಳು ಅವರು. ಇದೇ ಶಾಲೆಯಲ್ಲಿ ಹತ್ತನೇ ಕ್ಲಾಸು ಪಾಸಾಗಿ, ಬಿ.ಎಡ್. ಮುಗಿಸಿ, ಇದೇ ಶಾಲೆಗೆ ಟೀಚರಾಗಿ ಬಂದರು. ಹತ್ತನೆಯದು ಇಲ್ಲಿಲ್ಲದಿದ್ದರೆ ತಾನೂ ಅವ್ವನ ಜೊತೆ ಪಾತ್ರೆ ತಿಕ್ಕಲು ಹೋಗುತ್ತಿದ್ದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈಗ ಆ ಹತ್ತನೇ ಕ್ಲಾಸಿಗೇ ಸಂಚಕಾರ ಬಂದಿತ್ತು. ಮಕ್ಕಳು ಕಡಿಮೆ, ಮುಂದಿನ ವರ್ಷ ಶಿಕ್ಷಕರ ಮಂಜೂರಾತಿ ಇಲ್ಲ ಎಂದು ಇಲಾಖೆ ಹೇಳಿತು. ಒಂಬತ್ತನೆಯಲ್ಲಿದ್ದ ಭಾಗ್ಯಶ್ರೀಯ ತಾಯಿ ಚನ್ನವ್ವ ಶಾಲೆಯ ಗೇಟಿನಲ್ಲೇ ಟೀಚರನ್ನು ಹಿಡಿದು ನಿಲ್ಲಿಸಿದಳು.

“ಬ್ಯಾರೆ ಕನ್ನಡ ಸಾಲಿ ಅಂದ್ರ ಲೋಕಲ್ ಬದಲಿಸಿ ಹೋಗ್ಬೇಕಂತ್ರಿ. ಆ ಗದ್ದಲ್ದಾಗ ಹೆಣ್ಣ ಹುಡುಗೀನ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ಇಲ್ಲಿ ಇದ್ರ ಓದ್ತಾಳ. ಇಲ್ಲಂದ್ರ ನನ್ನ ಜೋಡಿ ಬಿಲ್ಡಿಂಗ್ ಕೆಲಸಕ್ಕ ಬರ್ತಾಳ.”

“ನಮ್ಮ ಸರ್ ಅದಾರ ತಗೋ. ಮ್ಯಾಲಿನ ಮನ್ಯಾಗ ಕೇಳ್ತಾರ,” ಎಂದರು ಟೀಚರ್.

ಆ ಸರ್ ಎಂದರೆ ಖಾನೋಲ್ಕರ್, ನಿವೃತ್ತ ಗಣಿತದ ಮೇಷ್ಟ್ರು. ಶಿಕ್ಷಕರ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತಾಗ ಅನುರಾಧಾ ಟೀಚರ್ ಬಾಂದ್ರಾದಿಂದ ಅಂಧೇರಿಯವರೆಗೆ ಶಾಲೆ ಶಾಲೆ ಸುತ್ತಿ, “ಇವರಿಗೆ ಯಾವ ಹೈಕಮಾಂಡಿನ ಅಪ್ಪಣೆಯೂ ಬೇಕಿಲ್ಲ” ಎಂದು ಹೇಳಿ ಓಟು ಕೇಳಿದ್ದರು. ಗೆದ್ದ ದಿನ ಸ್ಟಾಫ್ ರೂಮಿಗೆಲ್ಲ ಪೇಢೆ ಹಂಚಿದ್ದೂ ಅವರೇ. ಅಪ್ಪಣೆ ಕೊಡುವವರಿಲ್ಲದವನಿಗೆ ಮಾತಾಡಲು ಹೊತ್ತು ಬಿಟ್ಟುಕೊಡುವವರೂ ಇರುವುದಿಲ್ಲ ಎಂಬುದು ಪಾಠದಲ್ಲಿರಲಿಲ್ಲ. ಅಲ್ಲಿ ಪಕ್ಷದ ಗಾತ್ರ ನೋಡಿ ಸಮಯ ಹಂಚುತ್ತಾರೆ. ಎಲ್ಲರೂ ಉಂಡೆದ್ದ ಮೇಲೆ ಪಕ್ಷೇತರನಿಗೆ ಎಲೆ.

“ಎರಡು ನಿಮಿಷ ಸಿಗಬಹುದು. ನೀವೇ ಬರೆದುಕೊಡಿ,” ಎಂದರು ಖಾನೋಲ್ಕರ್ ಮರಾಠಿಯಲ್ಲಿ.

ಟೀಚರ್ ಕೂತು ಬರೆದರು. ಬರೆದದ್ದು ಮರಾಠಿಯಲ್ಲಾದರೂ ಧಾಟಿ ಮುಂಬಯಿಯ ಕನ್ನಡ ಸಂಘದ್ದೇ. ನಮ್ಮ ಸಂಘಗಳಲ್ಲಿ ಮೈಕು ಹಿಡಿದವರು ವೇದಿಕೆಯ ಮೇಲಿನವರನ್ನೆಲ್ಲ ಹೆಸರು ಹಿಡಿದು ನೆನೆಯದೆ ವಿಷಯಕ್ಕೆ ಬಂದದ್ದುಂಟೇ? ಕೊನೆಯ ಕುರ್ಚಿಯವರ ಹೆಸರು ಬಿಟ್ಟುಹೋದರೆ ಮುಂದಿನ ವರ್ಷದವರೆಗೆ ಮುನಿಸು. ಹಾಗಾಗಿ ಮೊದಲ ಪುಟದಲ್ಲಿ ಶಾಲೆ ಕಟ್ಟಿದ ಹೋಟೆಲಿನವರು, ಜಾಗ ಕೊಟ್ಟ ಪುಣ್ಯಾತ್ಮರು, ಹಿಂದಿನ ಅಧ್ಯಕ್ಷರು ಎಲ್ಲರೂ ಬಂದು ಕೂತರು. ಹತ್ತನೇ ಕ್ಲಾಸು ಎರಡನೇ ಪುಟಕ್ಕೆ ಹೋಯಿತು.

ಅಧಿವೇಶನದ ದಿನ ಟೀಚರ್ ಪಾಸು ಪಡೆದು ಮೇಲಿನ ಗ್ಯಾಲರಿಯಲ್ಲಿ ಕೂತರು. ದೊಡ್ಡ ಪಕ್ಷದವರು ಕೂಗಾಡಿದರು, ಸಭೆ ಮುಂದಕ್ಕೆ ಹೋಯಿತು, ಮತ್ತೆ ಸೇರಿತು, ಮತ್ತೆ ಕೂಗಾಡಿದರು. ಖಾನೋಲ್ಕರ್ ಕೈಯೆತ್ತಿ ಎತ್ತಿ ಇಳಿಸುತ್ತಿದ್ದರು. ಅವರ ಪರವಾಗಿ ಮೇಜು ಕುಟ್ಟಲು ಒಬ್ಬ ನರಪಿಳ್ಳೆ ಇಲ್ಲ. ಟೀಚರಿಗೆ ಎದ್ದು ನಿಂತು ಗದರಬೇಕು ಎನಿಸಿತು. ಗ್ಯಾಲರಿಯಲ್ಲಿ ಕೆಮ್ಮಿದರೂ ಕಾವಲಿನವರು ತಿರುಗಿ ನೋಡುತ್ತಿದ್ದರು.

ಸದನ ಅರ್ಧ ಖಾಲಿಯಾದ ಮೇಲೆ ಅವರ ಸರದಿ ಬಂತು. ಖಾನೋಲ್ಕರ್ ಓದತೊಡಗಿದರು. ಅವರೋ, ಹಂತ ಬಿಟ್ಟು ನೇರ ಉತ್ತರ ಬರೆದರೆ ಅಂಕ ಕಳೆಯುತ್ತಿದ್ದ ಮೇಷ್ಟ್ರು. ಮೊದಲ ಪುಟದ ಒಂದು ಹೆಸರನ್ನೂ ಬಿಡಲಿಲ್ಲ. ‘ಪುಟ ತಿರುಗಿಸಿ ಸರ್, ತಿರುಗಿಸಿ’ ಎಂದು ಟೀಚರ್ ಒಳಗೊಳಗೇ ಚಡಪಡಿಸಿದರು. ಜಾಗ ಕೊಟ್ಟವರ ಮನೆತನದ ಹೆಸರು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು, ಮೈಕು ಬಂದ್ ಆಯಿತು. ಮಂತ್ರಿಗಳು ಎದ್ದು ನಗುತ್ತಾ, ಇಂಥ ಹಳೆಯ ಶಾಲೆಯ ಮಾಹಿತಿ ಕೊಟ್ಟ ಸದಸ್ಯರಿಗೆ ಧನ್ಯವಾದ, ಶಾಲೆಗೆ ಸರ್ಕಾರದ ಅಭಿನಂದನೆ ಎಂದು ಹೇಳಿ ಕೂತರು. ಕೇಳಬೇಕಾದ್ದನ್ನು ಕೇಳಲೇ ಇಲ್ಲ, ಇನ್ನು ಉತ್ತರ ಎಲ್ಲಿಂದ ಬರಬೇಕು? ಮುಂದಿನ ಅಧಿವೇಶನದ ಹೊತ್ತಿಗೆ ಜೂನ್ ಕಳೆದು ಶಾಲೆ ಶುರುವಾಗಿರುತ್ತದೆ.

ಹೊರಗೆ ಖಾನೋಲ್ಕರ್ ಬೆವರು ಒರೆಸಿಕೊಂಡು, “ಪಕ್ಷದವನಾಗಿದ್ದರೆ ಇನ್ನೊಬ್ಬ ಎದ್ದು ಮುಂದುವರಿಸುತ್ತಿದ್ದ. ನನ್ನ ಹಿಂದೆ ಯಾರಿದ್ದಾರೆ, ಟೀಚರ್?” ಎಂದರು. ಅವರ ಮೇಲೆ ರೇಗಲು ಬಂದ ಟೀಚರಿಗೆ ತನ್ನ ಮೇಲೆಯೇ ರೇಗಿತು. ಮನೆ ಮುಟ್ಟುವವರೆಗೂ ಲೋಕಲಿನಲ್ಲಿ ಹಲ್ಲು ಕಚ್ಚಿಕೊಂಡೇ ನಿಂತಿದ್ದರು.

ಇಷ್ಟು ಸಾಲದೆಂಬಂತೆ ಶಾಲೆಯ ಗೇಟಿಗೆ ಬ್ಯಾನರ್ ಬಂತು: ‘ಸದನದಲ್ಲಿ ನಮ್ಮ ಶಾಲೆಗೆ ಅಭಿನಂದನೆ!’ ಶಾಲೆ ನಡೆಸುವ ಸಂಘದ ಅಧ್ಯಕ್ಷ, ಬಾಂದ್ರಾದಲ್ಲಿ ಹೋಟೆಲಿರುವ ಸುಕೇಶ್ ಶೆಟ್ಟರು ಫೋನು ಮಾಡಿದರು. “ನಿಮ್ಮಿಂದ ನಮ್ಮ ಅಜ್ಜನ ಹೆಸರು ಪರಿಷತ್ತಿನ ದಾಖಲೆಗೆ ಹೋಯ್ತು ಮಾರಾಯ್ರೆ! ಭಾನುವಾರ ನಿಮಗೆ ಸನ್ಮಾನ ಉಂಟು.”

ಭಾನುವಾರ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ವೇದಿಕೆ ತುಂಬ ಹೋಟೆಲಿನ ದೊಡ್ಡವರು. ಹಿಂದಿನ ಸಾಲಿನಲ್ಲಿದ್ದ ಚನ್ನವ್ವ ಕೆಲಸಕ್ಕೆ ಹೊತ್ತಾಯಿತೆಂದು ಮಗಳ ಕೈಹಿಡಿದು ಎದ್ದಳು. ಅದನ್ನು ನೋಡಿದ ಟೀಚರ್ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಮೈಕು ಹಿಡಿದರು.

“ಹತ್ತನೇ ಕ್ಲಾಸ್ ಮುಚ್ಚಾಕತ್ತಾರ್ರಿ. ಸರಕಾರದ ಮಂಜೂರಾತಿ ಬರೂತನಕ ಅದನ್ನ ಸಂಘದ ರೊಕ್ಕದಾಗ ನಾವ ನಡಸಬೇಕು. ನಡಸ್ತೀರೋ ಇಲ್ಲೋ, ಇಲ್ಲೇ ಹೇಳ್ರಿ.”

ಶೆಟ್ಟರು ಪಕ್ಕಕ್ಕೆ ಬಾಗಿ, “ಟೀಚರೇ, ಗಣ್ಯರ ಹೆಸರು ಬಿಟ್ಟೇ ಹೋಯ್ತಲ್ಲ,” ಎಂದು ಪಿಸುಗುಟ್ಟಿದರು.

“ಹೆಸರು ಆಮ್ಯಾಲ ಹೇಳ್ತೀನ್ರಿ,” ಎಂದರು ಅನುರಾಧಾ ಟೀಚರ್ ಮೈಕಿನಲ್ಲೇ. “ಅಷ್ಟ್ರಾಗ ಗಂಟಿ ಹೊಡೀತದ.”

ಬಾಗಿಲವರೆಗೆ ಹೋಗಿದ್ದ ಚನ್ನವ್ವ ಮಗಳನ್ನು ಎಳೆದುಕೊಂಡು ವಾಪಸು ಬಂದು ಕೂತಳು.