ದಿಂಬಿನ ಕೆಳಗಿನ ಕಬ್ಬಿಣ

ಮಧುಗಿರಿಯಿಂದ ಕೊರಟಗೆರೆಗೆ ಹೊರಟ ಬಸ್ಸಿನಲ್ಲಿ ಕಂಬಳಿ ಮಾರುವವನೊಬ್ಬ ಗಂಟು ಸಮೇತ ನನ್ನ ಪಕ್ಕ ಬಂದು ಕೂತ. ಗಂಟು ಅರ್ಧ ನನ್ನ ತೊಡೆಯ ಮೇಲೇ ಬಿತ್ತು. ಬೈಯೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ವಾಸನೆ ಬಡಿಯಿತು. ಕುರಿಯ ಉಣ್ಣೆ, ಅದಕ್ಕೆ ಹಚ್ಚಿದ ಹುಣಸೆಬೀಜದ ಗಂಜಿ... ಬಾಯಿ ಮುಚ್ಚಿಕೊಂಡೆ. ಕಂಬಳಿ ಅಜ್ಜಿಯ ಕೈಯಿಂದಲೂ ಇದೇ ವಾಸನೆ ಬರುತ್ತಿತ್ತು.

ಹದಿನೈದು ವರ್ಷಗಳ ಹಿಂದೆ, ಮದಲೂರಿನ ತವರಿನಲ್ಲಿ ನನ್ನ ಮೊದಲ ಬಾಣಂತನ. ಬಾಣಂತಿಯ ಕೋಣೆಗೆ ಬೆಳಕು ಬರಬಾರದು, ಗಾಳಿ ಬರಬಾರದು. ಕಿಟಕಿಗೆ ಗೋಣಿಚೀಲ, ಹೊದೆಯಲು ಕರಿ ಕಂಬಳಿ, ದಿಂಬಿನ ಕೆಳಗೆ ಕುಡುಗೋಲು. ಕಬ್ಬಿಣವಿದ್ದರೆ ಪೀಡೆ ಹತ್ತಿರ ಸುಳಿಯುವುದಿಲ್ಲವಂತೆ. ಕೊಟ್ಟಾಗ ಉಂಡೆ, ಮಡಿಲಿಗೆ ಹಾಕಿದಾಗ ಮಗುವಿಗೆ ಹಾಲು ಕೊಟ್ಟೆ, ಯಾರೊಂದಿಗೂ ಮಾತಾಡಲಿಲ್ಲ. ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು.

"ಬಾಣಂತಿ ಅಂದ್ರೆ ಹಿಂಗಿರ್ಬೇಕು ಕಣಮ್ಮ. ಅವ್ಳೋ ಇಲ್ವೋ ಅನ್ನಂಗವ್ಳೆ," ಅಂದಳು ಒಬ್ಬಳು. ಅಮ್ಮನಿಗೆ ಹೆಮ್ಮೆ.

ಇದ್ದೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮಗು ಅತ್ತರೆ ಪಕ್ಕದ ಮನೆಯ ಕೂಸು ಅಳುತ್ತಿದೆ ಅನ್ನಿಸುತ್ತಿತ್ತು. ನಿದ್ದೆ ಬಿಟ್ಟೇ ಹೋಗಿತ್ತು. ನಾನಿಲ್ಲದಿದ್ದರೇ ಈ ಮಗುವಿಗೆ ಒಳ್ಳೆಯದು ಎಂಬ ಒಂದೇ ಯೋಚನೆ ತಲೆಯೊಳಗೆ ಸುತ್ತುತ್ತಿತ್ತು. ದಿಂಬಿನ ಕೆಳಗೆ ಏನಿದೆ ಎಂಬುದು ಒಂದು ಗಳಿಗೆಯೂ ಮರೆಯುತ್ತಿರಲಿಲ್ಲ... ಪೀಡೆ ಹೊರಗಿನಿಂದಲೇ ಬರುತ್ತದೆ ಅಂತ ಹೇಳಿದವರ ಬಾಯಿಗೆ ಮಣ್ಣು ಹಾಕ!

ನಮ್ಮ ಹಿತ್ತಲಾಚೆ ಕಂಬಳಿ ಅಜ್ಜಿಯ ಮನೆ. ಗಂಡ ಕಂಬಳಿ ನೇಯುತ್ತಿದ್ದ. ಅವಳು ಹುಣಸೆಬೀಜ ಕುಟ್ಟಿ, ಬೇಯಿಸಿ, ಗಂಜಿ ಹಚ್ಚಿ ಬಿಸಿಲಿಗೆ ಹಾಕುತ್ತಿದ್ದಳು. ಬಾಯಿ ಬಲು ಜೋರು. ಬೀದಿನಾಯಿಗಳೂ ಅವಳ ಅಂಗಳ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದವು. ಒಂದು ಮಧ್ಯಾಹ್ನ ಮಗು ನೋಡಲು ಬಂದವಳು, ಕೂತಲ್ಲೇ ನನ್ನ ಕಂಬಳಿಯ ಅಂಚು ಸವರತೊಡಗಿದಳು. ಗಂಜಿ ಹಚ್ಚುವವರ ಚಟ ಅದು, ಕಂಬಳಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಸವರುತ್ತಿದ್ದ ಕೈ ತಟ್ಟನೆ ನಿಂತಿತು. ಗೇಣುದ್ದ ನೇಯ್ಗೆ ಅಲ್ಲಿರಲೇ ಇಲ್ಲ. ಎಳೆ ಎಳೆಯಾಗಿ ಬಿಚ್ಚಿ ಚಾಪೆಯ ಕೆಳಗೆ ತುರುಕಿದ್ದೆ. ತುರುಕಿದ್ದು ನನಗೇ ನೆನಪಿರಲಿಲ್ಲ.

ಅಜ್ಜಿ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಎದ್ದವಳೇ ಕಿಟಕಿಯ ಗೋಣಿಚೀಲ ಕಿತ್ತಳು. ದಿಂಬಿನ ಕೆಳಗೆ ಕೈಹಾಕಿ ಕುಡುಗೋಲು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

"ಅಯ್ಯಯ್ಯೋ, ಕಬ್ಬುಣ ತೆಗೀಬ್ಯಾಡ! ಗಾಳಿ ಮೆಟ್ಕಂತದೆ," ಅಂತ ಅಮ್ಮ ಬಾಗಿಲಲ್ಲೇ ಕೂಗಿಕೊಂಡಳು.

"ಕಬ್ಬುಣ ತಾನೆ ಬೇಕು? ತಗಾ!" ಅಜ್ಜಿ ಸೊಂಟದಿಂದ ತನ್ನ ಮನೆಯ ಬೀಗದ ಕೈ ಬಿಚ್ಚಿ ದಿಂಬಿನ ಕೆಳಗೆ ತೂರಿಸಿದಳು. ಆಮೇಲೆ ದನಿ ಇಳಿಸಿದಳು. "ನನ್ ಮಗ್ಳೂ ಹಿಂಗೇ ಸುಮ್ಕಿದ್ಲು ಕಣಮ್ಮ. ಒಳ್ಳೆ ಬಾಣಂತಿ ಅಂತ ಊರೇ ಹೊಗಳ್ತು. ನಾನೂ ಹೊಗಳ್ಬುಟ್ಟೆ..."

ಅವಳಿಗೊಬ್ಬ ಮಗಳಿದ್ದಳೆಂದು ನನಗೆ ಗೊತ್ತಾದದ್ದೇ ಅವತ್ತು. ಊರಿನಲ್ಲಿ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ಅಮ್ಮ ತಾಯಿತ ಕಟ್ಟಿಸೋಣ ಅಂದಳು. "ಕಟ್ಸು, ಬ್ಯಾಡ ಅನ್ನಾಕಿಲ್ಲ. ಮೊದ್ಲು ಬಸ್ ಹತ್ಸು," ಅಂದಳು ಅಜ್ಜಿ. ಸಿರಾ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಷ್ಟು ಕೇಳಿದರೂ ನನ್ನ ನಾಲಿಗೆ ಏಳಲಿಲ್ಲ. ಅಜ್ಜಿ ತನ್ನ ಒರಟು ಕೈಯಲ್ಲಿ ನನ್ನ ಕೈ ಹಿಡಿದಳು. "ಹೇಳ್ಬುಡು. ಯಾರೂ ಬೈಯಾಕಿಲ್ಲ." ಹೇಳಿದೆ. ಕುಡುಗೋಲಿನ ವಿಷಯವನ್ನೂ ಹೇಳಿದೆ. ಹೆರಿಗೆಯಾದ ಮೇಲೆ ಮನಸ್ಸಿಗೂ ಕಾಯಿಲೆ ಬರುತ್ತದೆ, ವಾಸಿಯೂ ಆಗುತ್ತದೆ, ಒಬ್ಬಳನ್ನೇ ಬಿಡಬೇಡಿ ಅಂದರು ಡಾಕ್ಟರಮ್ಮ. ಅಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಎರಡು ದಿನ ಪರವಾಗಿಲ್ಲ ಅನ್ನಿಸಿದರೆ ಮೂರು ದಿನ ಮತ್ತೆ ಅದೇ ಕತ್ತಲೆ. ಅಜ್ಜಿ ದಿನಾ ಬಂದು ಕೂತು ಹುಣಸೆಬೀಜ ಆರಿಸುತ್ತಿದ್ದಳು. ನಾನು ಬಿಚ್ಚಿದ ಉಣ್ಣೆಯನ್ನೆಲ್ಲ ನನ್ನ ಮುಂದೆ ಸುರಿದು, "ಬಿಚ್ದೋಳೇ ಸುತ್ತು," ಅನ್ನುತ್ತಿದ್ದಳು. ಸುತ್ತಿದೆ, ಅತ್ತೆ, ಮಾತ್ರೆ ನುಂಗಿದೆ, ಮತ್ತೆ ಸುತ್ತಿದೆ. ಒಂದು ಬೆಳಿಗ್ಗೆ ಮಗಳ ಕಿವಿ ಕಣ್ಣಿಗೆ ಬಿತ್ತು. ಅಬ್ಬಾ, ಎಷ್ಟು ಪುಟ್ಟದು ಅನ್ನಿಸಿತು!

ಗಂಡನ ಮನೆಗೆ ಹೊರಡುವಾಗ ಬೀಗದ ಕೈ ವಾಪಸು ಕೊಡಹೋದೆ. "ಇಟ್ಕಾ. ನಮ್ಮನೇಲಿ ಕದಿಯಾಕೇನೈತೆ," ಅಂದು ನಕ್ಕಳು. ಆಮೇಲೆ ಎಂದೋ ಅವಳು ತೀರಿಹೋದಾಗ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ಕಳೆದ ಮೇಲೆ. ಮಣ್ಣಿಗೂ ಹೋಗಲಾಗಲಿಲ್ಲ.

ಮೊನ್ನೆ ನಾನು ಬಸ್ಸು ಹತ್ತಿದ್ದಕ್ಕೆ ಕಾರಣ ಕೊರಟಗೆರೆಯ ಅಕ್ಕನ ಫೋನು. ಅವಳ ಮಗಳಿಗೆ ಹೆರಿಗೆಯಾಗಿತ್ತು. "ಬಲು ಒಳ್ಳೆ ಬಾಣಂತಿ ಕಣೆ, ತುಟಿ ಪಿಟಕ್ ಅನ್ನಾಕಿಲ್ಲ," ಅಂದಳು ಅಕ್ಕ. ಫೋನಿಟ್ಟವಳೇ ಅಜ್ಜಿಯ ಬೀಗದ ಕೈ ಚೀಲಕ್ಕೆ ಹಾಕಿಕೊಂಡೆ. ನನಗೆ ಬಂದದ್ದನ್ನು ನಮ್ಮ ಮನೆಯವರು ಅಕ್ಕನಿಗೂ 'ರಕ್ತ ಕಮ್ಮಿ' ಎಂದೇ ಹೇಳಿ ಮುಚ್ಚಿದ್ದರು. ನಾನೂ ಬಾಯಿ ಬಿಟ್ಟಿರಲಿಲ್ಲ. ಆ ತಪ್ಪು ನನ್ನದೇ.

ಹೋಗಿ ನೋಡಿದರೆ ಅದೇ ಕತ್ತಲೆ ಕೋಣೆ. ಹುಡುಗಿ ನನ್ನನ್ನು ನೋಡಿ ನಕ್ಕಳು. ಹೊದ್ದಿದ್ದ ರಗ್ಗಿನ ಅಂಚು ಸವರಿದೆ, ಸರಿಯಾಗಿಯೇ ಇತ್ತು. ದಿಂಬಿನ ಕೆಳಗೆ ಕೈಹಾಕಿದೆ. ಏನೂ ಸಿಗಲಿಲ್ಲ.

"ಕಬ್ಬಿಣ ಇಟ್ಟಿಲ್ವಾ ಅಕ್ಕ?"

"ಕುಡುಗೋಲು ಇಟ್ಟಿದ್ನಲ್ಲೇ," ಅಂದಳು ಬಾಗಿಲಲ್ಲಿ ನಿಂತ ಅಕ್ಕ.

ಹುಡುಗಿಯ ನಗು ಹಾಗೇ ಇತ್ತು. ಅವಳ ಬಲಗೈ ರಗ್ಗಿನೊಳಗಿತ್ತು. ಚೀಲದಿಂದ ಅಜ್ಜಿಯ ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದೆ. ಎಷ್ಟು ಹೊತ್ತಾಯಿತೋ... ನಿಧಾನಕ್ಕೆ ಅವಳ ಕೈ ಹೊರಗೆ ಬಂತು. ಕುಡುಗೋಲನ್ನು ನನಗೆ ಕೊಟ್ಟಳು, ಬೀಗದ ಕೈ ತೆಗೆದುಕೊಂಡಳು.

"ಹೇಳ್ಬುಡು," ಅಂದೆ. "ಯಾರೂ ಬೈಯಾಕಿಲ್ಲ."

ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈಗ ಅವಳ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಕಿಟಕಿ ತೆರೆದಿದೆ, ಬೀಗದ ಕೈ ದಿಂಬಿನ ಕೆಳಗಿದೆ. ಅದು ತೆರೆಯುತ್ತಿದ್ದ ಮನೆ ಎಂದೋ ಬಿದ್ದುಹೋಯಿತು, ಅಜ್ಜಿಯೂ ಹೋದಳು. ಅಷ್ಟು ದಿನ ನನ್ನ ಪಕ್ಕ ಕೂತಿದ್ದಳಲ್ಲ, ನಿನ್ನ ಮಗಳ ಹೆಸರೇನಜ್ಜಿ ಅಂತ ನಾನು ಒಂದು ದಿನವೂ ಕೇಳಲಿಲ್ಲ.