ಈರಕ್ಕನ ಬೆಲ್ಲ, ಭುವನಾಳ ಮೂಳೆ

ಈರಕ್ಕನಿಗೆ ಹನ್ನೊಂದು ವಾರದ ಕೂಲಿ ಇನ್ನೂ ಬರಬೇಕು. ಯಗಟಿ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಕೆಲಸ. ಶೆಡ್ಡಿಗೆ ಬೀಗ ಬಿದ್ದು ಹನ್ನೆರಡು ವರ್ಷವಾಯಿತು, ಸಾಹುಕಾರ ಪರಾರಿ. ಕೂಲಿ ಕೊಡದವನು ಬೇರೇನೋ ಕೊಟ್ಟು ಹೋಗಿದ್ದಾನೆಂದು ತಿಳಿದದ್ದು ಹೋದ ತಿಂಗಳು.

ಗಂಡ ಸತ್ತ ಮೂರನೇ ತಿಂಗಳಿಗೇ ಸುತ್ತಿಗೆ ಹಿಡಿದ ಹೆಂಗಸು ಈರಕ್ಕ. ಮಗಳು ಭುವನಾ ಶಾಲೆ ಮುಗಿಸಿ ಬಂದು ಅಮ್ಮನ ಪಕ್ಕ ಕೂತು ಒಡೆದ ಬ್ಯಾಟರಿಯೊಳಗಿನ ಸೀಸದ ಪ್ಲೇಟು ಆರಿಸುತ್ತಿದ್ದಳು. ಸಂಜೆ ಐದಕ್ಕೆ ಎಲ್ಲರ ಅಂಗೈಗೂ ಒಂದು ಉಂಡೆ ಬೆಲ್ಲ. ತಿಂದರೆ ಎದೆಯ ಧೂಳು ಇಳಿಯುತ್ತದೆ ಎಂದು ಸಾಹುಕಾರ ಹೇಳಿದ, ಕೂಲಿ ಸಂಘದ ನಾವೂ ನಂಬಿದೆವು. ಈರಕ್ಕ ತನ್ನ ಉಂಡೆಯನ್ನೂ ಮುರಿದು ಮಗಳ ಬಾಯಿಗಿಡುತ್ತಿದ್ದಳು.

ಭುವನಾ ಈಗ ಐದು ತಿಂಗಳ ಬಸುರಿ. ಹೊಟ್ಟೆನೋವು, ಮೈಯಲ್ಲಿ ರಕ್ತವಿಲ್ಲ. ಬೆಂಗಳೂರಿಗೆ ಕಳಿಸಿದ ರಕ್ತದ ರಿಪೋರ್ಟಿನಲ್ಲಿ ಸೀಸ.

"ಎಲ್ಲಿ ಕೆಲ್ಸ ಮಾಡ್ತೀಯಮ್ಮ?" ಕಡೂರಿನ ಡಾಕ್ಟರ್ ತನುಜಾ ಕೇಳಿದರು.

"ಮನೇಲೇ, ಹೊಲಿಗೆ ಮಿಷಿನ್ನು."

"ಮೊದ್ಲು?"

ಈರಕ್ಕ ನಡುವೆ ಬಂದಳು. "ಬ್ಯಾಟ್ರಿ ಶೆಡ್ಡು ಕಣ್ರೀ. ಹನ್ನೆರಡು ವರ್ಷ ಆಗೋಯ್ತಲ್ಲ, ಅದಿನ್ನೂ ಮೈಯಲ್ಲಿರ್ತದಾ?"

ಇರುತ್ತದೆ. ಮೂಳೆಗೆ ಕ್ಯಾಲ್ಸಿಯಂ ಯಾವುದು, ಸೀಸ ಯಾವುದು ಎಂಬ ಭೇದ ತಿಳಿಯದು. ಕ್ಯಾಲ್ಸಿಯಂ ಕೂರುವ ಜಾಗದಲ್ಲಿ ಸೀಸವನ್ನೂ ಕೂರಿಸಿಕೊಂಡು ಹತ್ತಿಪ್ಪತ್ತು ವರ್ಷ ಬಿಡುವುದಿಲ್ಲ. ಬಸುರಿಯಾದಾಗ ಕೂಸಿಗೆಂದು ತಾಯಿಯ ಮೂಳೆ ಕರಗುತ್ತದೆ. ಆಗ ಸೀಸವೂ ರಕ್ತಕ್ಕಿಳಿದು ಕೂಸಿನ ತನಕ ಹೋಗುತ್ತದೆ.

"ಕೈ ತೊಳ್ಯೋಕೆ ಸೋಪು ಕೊಡ್ತಿದ್ರಾ?"

"ಬೆಲ್ಲ ಕೊಡೋರು," ಎಂದಳು ಭುವನಾ. "ಅಂಗೈಗೆ ಅಂಟಿದ್ದನ್ನೂ ನೆಕ್ತಿದ್ವಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಧೂಳು ಒಳಗೆ ಹೋದ ದಾರಿಯೇ ಅದು.

ಈರಕ್ಕ ತನ್ನ ಅಂಗೈಯನ್ನೇ ನೋಡುತ್ತಿದ್ದಳು. "ನಾನೇ ತಿನ್ಸಿದ್ನಲ್ಲೇ."

"ಹೂಂ, ಈಗ ಮಾತ್ರೇನೂ ನೀನೇ ತಿನ್ಸು. ಬಾಯ್ಮುಚ್ಚು," ಎಂದಳು ಮಗಳು.

ಕ್ಯಾಲ್ಸಿಯಂ ಮಾತ್ರೆ, ಹಾಲು, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಕೂಸಿನ ಬಗ್ಗೆ ಡಾಕ್ಟರ್ ಮಾತು ಕೊಡಲಿಲ್ಲ.

ಬೀಗ ಬೀಳುವ ಮೊದಲು ಆ ಶೆಡ್ಡಿನ ಮುಂದೆ ನಾವು ಒಂಬತ್ತು ದಿನ ಧರಣಿ ಕೂತಿದ್ದೆವು. ಮೂರನೇ ಬೇಡಿಕೆ, ಬೆಲ್ಲದ ಉಂಡೆ ದೊಡ್ಡದಾಗಬೇಕು. ಬರೆದವನು ನಾನೇ.

ಅಲ್ಲಿ ನಲವತ್ತು ಹೆಂಗಸರಿದ್ದರು, ಅವರ ಹೆಣ್ಣುಮಕ್ಕಳೂ ಇದ್ದರು. ನಿಮ್ಮೂರಿನಲ್ಲಿ ಬ್ಯಾಟರಿ ಒಡೆದ ಹೆಂಗಸು ಯಾರೆಂದು ನಿಮಗೆ ಗೊತ್ತಿದೆ. ಆಸ್ಪತ್ರೆಗೆ ಹೋಗಲು ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸಿ, ಜೊತೆಗೆ ನೀವೂ ಹತ್ತಿ. ಅವಳ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಬರೆಸಿಕೊಳ್ಳದೆ ಊರಿಗೆ ವಾಪಸು ಬರಬೇಡಿ.