ನಾಲಾದವರೆಗೆ ಎಳೆದ ಗೆರೆ

ಕಲಬುರಗಿ ಹೊರಗೆ, ಶರಣಸಿರಸಗಿ ಕಡೆಯ ಒಂದು ಹೊಸ ಲೇಔಟಿನ ನಕ್ಷೆ ಬರೆದವನು ನಾನು. ಆಗ ಜೇವರ್ಗಿ ಕಾಲೋನಿಯ ಒಂದು ಸಣ್ಣ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದೆ. ಗಟಾರ ಕೊನೆಯ ಸೈಟಿನ ಮುಂದೆ ನಿಂತುಬಿಡುತ್ತಿತ್ತು. ಅಲ್ಲಿಂದ ಹೊಲಸು ನೀರು ಸೇರಬೇಕಾದ ನಾಲಾದವರೆಗಿನ ಹೊಲ ಬೇರೆಯವರದು. ಲೇಔಟಿನ ಮಾಲೀಕರಿಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಡದೆಯೇ, "ನೀ ಗೆರಿ ಎಳಿ. ಹೊಲದಾಂವ ಇವತ್ತಿಲ್ಲ ನಾಳಿ ಜಾಗಾ ಕೊಡ್ತಾನ" ಅಂದರು. ಗಟಾರದ ಗೆರೆ ನಾಲಾದವರೆಗೆ ಎಳೆದೆ. ನಕ್ಷೆ ಪಾಸಾಯಿತು.

ಕಮಲಾಪುರದಲ್ಲಿದ್ದ ಅಕ್ಕ-ಭಾವ ಮಕ್ಕಳ ಕಾಲೇಜಿಗೆಂದು ಕಲಬುರಗಿಯಲ್ಲಿ ಮನೆ ಕಟ್ಟುವ ಮಾತು ತೆಗೆದಾಗ, ಆ ಲೇಔಟ್ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮೇಲಿನ ಸಾಲಿನ ಸೈಟು ತೋರಿಸಿದೆ. ಹೊಲಸು ಇಳಿಜಾರಿಗೆ ಹರಿದುಹೋಗುತ್ತದೆ, ಅಕ್ಕನ ಬಾಗಿಲಿಗೆ ಬರುವುದಿಲ್ಲ ಎಂದುಕೊಂಡೆ. ಕೆಳಗಿನ ಸೈಟು ಕೊಳ್ಳುವವರ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿ, ಸುಮ್ಮನಾದೆ.

ಆ ಕೊನೆಯ ಸೈಟು ಕೊಂಡವರು ಊರೊಳಗಿನ ಗಾಜಿಪುರದ ಒಬ್ಬ ಟೇಲರ್ ಮತ್ತು ಅವನ ಹೆಂಡತಿ. ಮನೆಗಳು ಎದ್ದಂತೆ ಎಲ್ಲರ ಬಚ್ಚಲ ನೀರು, ಪಾಯಿಖಾನೆ ಗುಂಡಿಗಳಿಂದ ಉಕ್ಕಿದ ನೀರು ಅವರ ಗೇಟಿನ ಮುಂದೆ ನಿಂತಿತು. ಅವರ ಬೋರಿನ ನೀರು ನಾರತೊಡಗಿತು. ಒಂದು ಬೆಳಿಗ್ಗೆ ಗಂಡಹೆಂಡತಿ ಸೇರಿ ಗಟಾರಕ್ಕೆ ಅಡ್ಡ ಇಟ್ಟಂಗಿ ಗೋಡೆ ಕಟ್ಟಿಬಿಟ್ಟರು. ಒಂದೆರಡು ದಿನದಲ್ಲಿ ಹೊಲಸು ಹಿಂದಕ್ಕೇರಿ ಅಕ್ಕನ ಮೆಟ್ಟಿಲು ಮುಟ್ಟಿತು.

ಅಕ್ಕನ ಫೋನು ಬಂದದ್ದೇ ಓಡಿದೆ. ಬೀದಿಯಲ್ಲಿ ಜಗಳ ನಡೆದಿತ್ತು.

"ಮಂದಿ ಮನ್ಯಾಗ ಹೊಲಸು ತುಂಬಸ್ತೀರೇನ್ರಿ?" ಎಂದು ಅಕ್ಕ ಕೂಗುತ್ತಿದ್ದಳು.

"ನಿಮ್ಮ ನೀರೇ ನಿಮಗ ಬಂದದ ಅಕ್ಕಾ," ಎಂದಳು ಟೇಲರನ ಹೆಂಡತಿ. ಅಕ್ಕನ ತಮ್ಮನೆಂದು ನನ್ನನ್ನು ಗುರುತಿಸಿ, ನಕ್ಷೆಯ ಜೆರಾಕ್ಸ್ ಮುಂದೆ ಹಿಡಿದಳು. "ಅಣ್ಣಾರ, ನೀವು ತಿಳದೋರು. ಇದರಾಗ ಗಟಾರ ನಾಲಾತನಕ ಹೋಗ್ಯಾದ. ಮತ್ತ ನಮ್ಮ ಬಾಗಲಾಗ ಯಾಕ ನಿಂತದ?"

"ಅಲ್ಲಿ ಗಟಾರ ಇಲ್ರಿ. ಆ ಗೆರಿ ಸುಳ್ಳು. ನಾನೇ ಎಳದೀನಿ," ಅಂದೆ.

ಬಯ್ಯುತ್ತಾಳೆಂದುಕೊಂಡಿದ್ದೆ. ಆಕೆ ನನ್ನನ್ನು ನೋಡಿ, ಆಮೇಲೆ ಅಕ್ಕನ ಮನೆ ನೋಡಿದಳು. "ಅದಕ್ಕೇ ಅಕ್ಕಗ ಮ್ಯಾಲಿನ ಸೈಟು ಕೊಡಿಸೀರಿ."

ಗಟಾರ ಮುಂದುವರಿಸಿ ಎಂದು ಎಲ್ಲರೂ ಸೇರಿ ಪಾಲಿಕೆಗೆ ಅರ್ಜಿ ಕೊಟ್ಟೆವು. ಹೊಲದವನು ಜಾಗ ಕೊಡಲಿಲ್ಲ, ಮಾಲೀಕರು ಫೋನ್ ಎತ್ತುವುದಿಲ್ಲ. ಈಗ ಆ ಬೀದಿಗೆ ಒಂದು ದಿನ ಹೊಲಸು ಹೀರುವ ಟ್ಯಾಂಕರ್ ಬರುತ್ತದೆ, ಇನ್ನೊಂದು ದಿನ ಕುಡಿಯುವ ನೀರಿನದು. "ಮಂದಿ ಮುಂದ ಅದನ್ನ ಹೇಳೋದು ಏನಿತ್ತು?" ಎಂದ ಅಕ್ಕ ಆಮೇಲೆ ನನ್ನೊಡನೆ ಮಾತಾಡಿಲ್ಲ. ಭಾವ ಮಾತ್ರ ಆಗಾಗ ಫೋನ್ ಮಾಡುತ್ತಾರೆ, ತಮ್ಮ ಆ ಮನೆ ಕೊಳ್ಳುವವರು ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದು.